ಪೆನ್ಸಿಲ್ ಕಡ್ಡಿ ತೇಲಿತು

ಅಪ್ಪಾ,

ಇವತ್ತು ತೇಲಿತು! ಅಡುಗೆಮನೆ ಮೇಜಿನ ಮೇಲೆ ನೀವು ಕೊನೇ ದಿನಗಳವರೆಗೂ ಪಟ್ಟುಬಿಡದೆ ಮಾಡುತ್ತಿದ್ದಿರಲ್ಲ, ಅದೇ ಪ್ರಯೋಗ. ಅಯಸ್ಕಾಂತದ ಯಾವ ತುದಿ ತಂದರೂ ಪೆನ್ಸಿಲ್ ಒಳಗಿನ ಸಣ್ಣ ಕಪ್ಪು ಕಡ್ಡಿ ಅಂಟದೆ ಮೆಲ್ಲಗೆ ದೂರ ಸರಿಯುತ್ತೆ, ಕಾಂತಕ್ಕೆ ಬಲವಿದ್ದರೆ ಗಾಳಿಯಲ್ಲೇ ನಿಲ್ಲುತ್ತೆ ಅನ್ನುತ್ತಿದ್ದಿರಿ. ನಿಮ್ಮ ಹಳೇ ಸ್ಪೀಕರಿನ ಕಾಂತಗಳಿಗೆ ಆ ಬಲವಿರಲಿಲ್ಲ, ಅಷ್ಟೇ. ನಾನು ಹೊಸವು ತಂದು ಜೋಡಿಸಿದೆ. ಕೂದಲೆಳೆಯಷ್ಟು ಎತ್ತರದಲ್ಲಿ ಕಡ್ಡಿ ನಿಂತೇಬಿಟ್ಟಿತು.

ಅಮ್ಮನನ್ನು ಕೂಗಿದೆ. ಒದ್ದೆ ಕೈಯಲ್ಲೇ ಬಂದು, ಉಸಿರು ಬಿಗಿಹಿಡಿದು ಬಗ್ಗಿದಳು. ಕಡ್ಡಿಯ ಕೆಳಗೆ ಕಾಗದ ತೂರಿಸಿ ತೋರಿಸಿದೆ.

"ಅಯ್ಯೋ, ನಿಜವಾಗ್ಲೂ ಮೇಲಿದೆ ಕಣೇ! ತಡಿ, ನಿಮ್ಮಪ್ಪನ್ನ ಕರೀತೀನಿ," ಅಂತ ತಿರುಗಿದಳು.

ಬಾಗಿಲವರೆಗೂ ಹೋಗಿ ನಿಂತುಬಿಟ್ಟಳು. ನಾನೂ ಒಂದು ಗಳಿಗೆ ನಿಮ್ಮ ಚಪ್ಪಲಿ ಸದ್ದಿಗೆ ಕಿವಿಗೊಟ್ಟು ಕೂತಿದ್ದೆ.