ಕಾಲುವೆ ಹಾದಿಯ ಹತ್ತು ಸುಳ್ಳು ಕಲ್ಲುಗಳು

ನಗರದ ಹಾದಿ–ರಸ್ತೆಗಳ ಉಸ್ತುವಾರಿ ಹೊತ್ತ ಮುಖ್ಯ ಎಂಜಿನಿಯರ್ ಅವರಿಗೆ,

ಮಾನ್ಯರೇ, ಮೂರು ವರ್ಷದ ಹಿಂದೆ ಕಾಲುವೆಯ ದಂಡೆಯ ಮೇಲೆ ನಡೆಯುವವರಿಗೂ ಓಡುವವರಿಗೂ ಎಂದು ತಾವು ಮಾಡಿಸಿದ ಹಾದಿಯಲ್ಲಿ ಒಂದು ಕಿಲೋಮೀಟರ್ ಎಂದರೆ ಒಂಬೈನೂರ ಮೂವತ್ತೆರಡು ಮೀಟರ್. ಸೊನ್ನೆಯಿಂದ ಹತ್ತರವರೆಗೆ ತಾವು ನೆಡಿಸಿದ ಕಲ್ಲುಗಳ ನಡುವಿನ ಅಂತರವನ್ನು ಕಳೆದ ಗುರುವಾರ ಮುದ್ರೆ ಬಿದ್ದ ಮೂವತ್ತು ಮೀಟರಿನ ಉಕ್ಕಿನ ಪಟ್ಟಿಯಿಂದ ನಾನೇ ಅಳೆದಿದ್ದೇನೆ. ಪ್ರತಿ ಕಲ್ಲಿಗೂ ಮೂವತ್ತೊಂದು ಪಟ್ಟಿ, ಮೇಲೆ ಎರಡು ಮೀಟರ್. ಹತ್ತಕ್ಕೆ ಹತ್ತೂ ಹಾಗೇ ಇವೆ. ತಪ್ಪಿನಲ್ಲಾದರೂ ಇಂಥ ಶಿಸ್ತು ತಮ್ಮ ಇಲಾಖೆಯಲ್ಲಿ ಇದೆಯಲ್ಲ ಎಂದು ಒಂದು ಕ್ಷಣ ಹೆಮ್ಮೆಯೂ ಆಯಿತು.

ಅರುವತ್ತೆಂಟು ಮೀಟರಿಗೆ ಇಷ್ಟು ದೊಡ್ಡ ಪತ್ರವೇ ಎಂದು ತಮಗೆ ಅನ್ನಿಸಬಹುದು. ನಾನು ತಕ್ಕಡಿ ರಿಪೇರಿ ಮಾಡುವವನು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಇಪ್ಪತ್ತೇಳು ವರ್ಷದಿಂದ ಅಂಗಡಿ ಇದೆ. ಸವೆದ ತೂಕದ ಬಟ್ಟುಗಳ ಹೊಟ್ಟೆಗೆ ಸೀಸ ತುಂಬಿ ಸರಿಮಾಡುವುದು, ತಕ್ಕಡಿಯನ್ನು ಸರಕಾರದ ಮುದ್ರೆಗೆ ಸಿದ್ಧಮಾಡುವುದು ನನ್ನ ಕಸುಬು. ನನ್ನ ಪಕ್ಕದ ದಿನಸಿ ಅಂಗಡಿಯವನು ಒಂದು ಕಿಲೋ ಸಕ್ಕರೆ ಎಂದು ಒಂಬೈನೂರ ಮೂವತ್ತೆರಡು ಗ್ರಾಂ ಕೊಟ್ಟರೆ ಏನಾಗುತ್ತದೆ ಎಂದು ತಮಗೂ ಗೊತ್ತು. ತಕ್ಕಡಿ ಜಪ್ತಿಯಾಗುತ್ತದೆ, ಅಂಗಡಿಗೆ ಬೀಗ ಬೀಳುತ್ತದೆ, ಮರುದಿನದ ಪತ್ರಿಕೆಯಲ್ಲಿ ಅವನ ಫೋಟೋ ಬರುತ್ತದೆ. ಅದೇ ಕೊರತೆಯನ್ನು ಕಲ್ಲಿನಲ್ಲಿ ಕೆತ್ತಿಸಿದರೆ ಉದ್ಘಾಟನೆಯಾಗುತ್ತದೆ. ಅಂದೂ ಪತ್ರಿಕೆಯಲ್ಲಿ ಫೋಟೋ ಬಂದಿತ್ತು, ತಮ್ಮದು.

ಆದರೆ ಈ ಕೊರತೆ ಯಾರ ಪಾಲಿಗೆ ಬಿತ್ತು ಎಂಬುದನ್ನು ತಮಗೆ ಹೇಳಬೇಕು. ನನ್ನ ಅಕ್ಕನಿಗೆ ಐವತ್ತೆರಡು ವರ್ಷ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕಿ. ದಿನಕ್ಕೆ ಎಂಟು ಗಂಟೆ ಬಿಸಿ ಹಬೆಯ ನಡುವೆ ನಿಂತಿರುತ್ತಾಳೆ. ತಮ್ಮ ಹಾದಿ ತೆರೆದ ತಿಂಗಳಲ್ಲೇ ನಡೆಯಲು ಹೋದಳು, ಆಮೇಲೆ ಓಡತೊಡಗಿದಳು. ಯಾಕೆ ಎಂದು ಕೇಳಿದರೆ, "ಈ ಒಂದು ಗಂಟೆ ನನ್ನನ್ನ ಯಾರೂ ಕರೆಯಲ್ಲ ಕಣೋ," ಎನ್ನುತ್ತಿದ್ದಳು. ಅವಳಿಗೊಂದು ಆಸೆ ಹುಟ್ಟಿತು: ನಗರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಮ್ಯಾರಥಾನನ್ನು ಒಂದೇ ಒಂದು ಸಲ ಪೂರ್ತಿ ಓಡಿ ಮುಗಿಸಬೇಕು. ನಲವತ್ತೆರಡು ಕಿಲೋಮೀಟರ್, ಮೇಲೆ ನೂರ ತೊಂಬತ್ತೈದು ಮೀಟರ್. ಅವಕಾಶ ಆರು ಗಂಟೆ. ಅಷ್ಟರೊಳಗೆ ಮುಗಿಸದವರನ್ನು ಹಿಂದಿನಿಂದ ಬರುವ ಬಸ್ಸು ಎತ್ತಿಕೊಂಡು ಹೋಗುತ್ತದೆ. ಓಟಗಾರರು ಅದಕ್ಕೆ ಇಟ್ಟ ಹೆಸರು ಪೊರಕೆ ಬಸ್ಸು.

ನಾನು ಓಡುವವನಲ್ಲ. ಸೈಕಲ್ಲಿನಲ್ಲಿ ಪಕ್ಕದಲ್ಲೇ ಹೋಗುತ್ತಾ, ಪ್ರತಿ ಕಲ್ಲಿಗೂ ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವನು. ಹೋದ ವರ್ಷ ಅವಳು ಕಲ್ಲಿನಿಂದ ಕಲ್ಲಿಗೆ ಎಂಟು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ಓಡುತ್ತಿದ್ದಳು. ಆ ಲೆಕ್ಕದಲ್ಲಿ ಮ್ಯಾರಥಾನ್ ಐದು ಗಂಟೆ ಐವತ್ತೊಂದು ನಿಮಿಷಕ್ಕೆ ಮುಗಿಯಬೇಕು. ಒಂಬತ್ತು ನಿಮಿಷ ಕೈಯಲ್ಲಿ ಉಳಿಯುತ್ತದೆ ಎಂದು ನಾನೇ ಅವಳಿಗೆ ಧೈರ್ಯ ಹೇಳಿದ್ದೆ.

ಓಟದ ದಿನ ಟವೆಲ್ ಹಿಡಿದು ಕೊನೆಯ ಗೆರೆಯ ಹತ್ತಿರ ನಿಂತಿದ್ದೆ. ಅಕ್ಕ ಬಂದದ್ದು ಬಸ್ಸಿನಲ್ಲಿ. ನಲವತ್ತನೆಯ ಕಿಲೋಮೀಟರಿನ ಫಲಕ ದಾಟಿ ಸ್ವಲ್ಪ ಮುಂದೆ ಬಂದಿದ್ದಳಂತೆ. "ಹತ್ತಮ್ಮಾ, ರಸ್ತೆ ಬಿಡಬೇಕು," ಎಂದನಂತೆ ಡ್ರೈವರ್. ಎದೆಯ ಮೇಲಿನ ನಂಬರಿನ ಚೀಟಿಯನ್ನು ಆಗಲೇ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದಿದ್ದಳು. ಮನೆಗೆ ಹೋಗುವಾಗ ಹೇಳಿದ್ದು ಒಂದೇ ಮಾತು: "ಇವತ್ತು ಯಾಕೋ ಕಿಲೋಮೀಟರು ದೂರ ದೂರ ಇದ್ದವು ಕಣೋ."

ನಾನು ನಕ್ಕೆ, ಮಾನ್ಯರೇ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಅಂದೆ. ಅಷ್ಟಕ್ಕೇ ಬಿಡಲಿಲ್ಲ. "ಲೆಕ್ಕ ಸುಳ್ಳಾಗಲ್ಲ ಅಕ್ಕಾ. ಕೊನೇಲಿ ನೀನೇ ಧೈರ್ಯ ಬಿಟ್ಟೆ," ಎಂದು ನೋಟ್‌ಬುಕ್ ತೆರೆದು ತೋರಿಸಿದೆ. ನಾಲ್ಕು ತಿಂಗಳು ಅವಳ ಬೂಟು ಮಂಚದ ಕೆಳಗಿನಿಂದ ಹೊರಗೆ ಬರಲಿಲ್ಲ.

ಈ ವರ್ಷ ಹೇಗೋ ಮತ್ತೆ ಶುರುಮಾಡಿದಳು. ಓಟಕ್ಕೆ ಇನ್ನು ಐದು ವಾರ. ಕಳೆದ ವಾರ ನನ್ನ ಮಗಳು ತನ್ನ ಹಳೆಯ ಫೋನನ್ನು ಅತ್ತೆಗೆ ಕೊಟ್ಟಳು. ಓಡುತ್ತಿದ್ದರೆ ದೂರವನ್ನು ಅದೇ ಕೂಗಿ ಹೇಳುತ್ತದೆ. ಮಂಗಳವಾರ ಬೆಳಿಗ್ಗೆ ಎರಡನೆಯ ಕಲ್ಲಿನ ಹತ್ತಿರ ಅಕ್ಕ ನಿಂತುಬಿಟ್ಟಳು.

"ಈ ಫೋನಿನವಳಿಗೆ ಏನೋ ಆಗಿದೆ. ಕಲ್ಲು ದಾಟಿ ಎಷ್ಟೋ ಮುಂದೆ ಬಂದಮೇಲೆ ಒಂದು ಕಿಲೋಮೀಟರ್ ಆಯ್ತು ಅಂತಾಳೆ."

"ಹಳೇ ಫೋನಕ್ಕಾ. ಆಕಾಶದಿಂದ ಅಳೆಯೋದು ಅಂದ್ರೆ ಹೆಚ್ಚುಕಮ್ಮಿ ಇದ್ದೇ ಇರುತ್ತೆ. ಕಲ್ಲು ನೆಲದಲ್ಲಿದೆ."

"ಹೆಚ್ಚುಕಮ್ಮಿ ಅಂದ್ರೆ ಒಂದ್ಸಲ ಹೆಚ್ಚಾಗಬೇಕು, ಒಂದ್ಸಲ ಕಮ್ಮಿಯಾಗಬೇಕು. ಇವಳದು ಯಾವಾಗಲೂ ಒಂದೇ ಕಡೆಗಲ್ವೇನೋ?"

ಸದಾ ಒಂದೇ ಕಡೆಗೆ ವಾಲುವ ತಕ್ಕಡಿಯಲ್ಲಿ ದೋಷವಿದೆ ಎಂದು ಗಿರಾಕಿಗಳಿಗೆ ದಿನವೂ ಹೇಳುವವನು ನಾನು. ಅದನ್ನು ಬಟ್ಟೆ ಒಗೆಯುವ ವಿಭಾಗದವಳು ನನಗೆ ಹೇಳಬೇಕಾಯಿತು. ದೀಪದ ಬುಡದಲ್ಲೇ ಕತ್ತಲು. ಬುಧವಾರ ನಾಲ್ಕನೆಯ ಕಲ್ಲಿಗೆ ಬಂದಾಗ ಫೋನಿನಲ್ಲಿ ಮೂರೂ ಮುಕ್ಕಾಲು ಕೂಡ ಆಗಿರಲಿಲ್ಲ. ಅಂದು ಅಂಗಡಿಯಲ್ಲಿ ನನ್ನ ಕೈಗೆ ಯಾವ ಕೆಲಸವೂ ಹತ್ತಲಿಲ್ಲ.

ಗುರುವಾರ ಭಾವನ ಕ್ಷೌರದಂಗಡಿಗೆ ರಜೆ. ಅಕ್ಕನಿಗೆ ಹೇಳದೆ ಅವರನ್ನು ಪಟ್ಟಿಯ ಇನ್ನೊಂದು ತುದಿ ಹಿಡಿಯಲು ಕರೆದುಕೊಂಡು ಹೋದೆ. "ಅಲ್ಲಯ್ಯಾ, ನಿಮ್ಮಕ್ಕ ಓಡೋದು ಸಾಲದು ಅಂತ ಈಗ ಗಂಡ ಮಂಡಿಯೂರಿ ನೆಲ ಅಳೀಬೇಕಾ?" ಎಂದು ಮೊದಲ ಕಲ್ಲಿನವರೆಗೂ ಗೊಣಗಿದರು. ಮೂರನೆಯ ಕಲ್ಲಿನ ಹೊತ್ತಿಗೆ ತಾವೇ ಪಟ್ಟಿ ಎಣಿಸತೊಡಗಿದರು. ಐದನೆಯದರ ಹತ್ತಿರ, "ಹೋದ ವರ್ಷ ನಾನೂ ಅವಳಿಗೆ ಏನೇನೋ ಅಂದಿದ್ದೆ," ಎಂದರು. ಮಧ್ಯಾಹ್ನ ಎರಡು ಗಂಟೆಗೆ ಹತ್ತನೆಯ ಕಲ್ಲು ಮುಟ್ಟಿದೆವು. ಒಟ್ಟು ಒಂಬತ್ತು ಸಾವಿರದ ಮುನ್ನೂರ ಇಪ್ಪತ್ತು ಮೀಟರ್. ಅಲ್ಲಿಂದ ಮುಂದೆ ಪಂಪ್‌ಹೌಸಿನ ಬೀಗ ಹಾಕಿದ ಗೇಟು.

ಹೋದ ವರ್ಷದ ಲೆಕ್ಕವನ್ನು ಗೇಟಿನ ಎದುರೇ ಕೂತು ಮತ್ತೆ ಹಾಕಿದೆ. ಕಲ್ಲಿಗೆ ಎಂಟು ಇಪ್ಪತ್ತು ಎಂದರೆ ನಿಜವಾದ ಕಿಲೋಮೀಟರಿಗೆ ಎಂಟು ನಿಮಿಷ ಐವತ್ತಾರು ಸೆಕೆಂಡ್. ಆ ವೇಗದಲ್ಲಿ ಆರು ಗಂಟೆ ಓಡಿದವರು ತಲುಪುವುದು ನಲವತ್ತನೆಯ ಕಿಲೋಮೀಟರಿನ ಫಲಕ ದಾಟಿ ಸ್ವಲ್ಪ ಮುಂದಕ್ಕೆ. ಬಸ್ಸು ಅವಳನ್ನು ಹತ್ತಿಸಿಕೊಂಡ ಜಾಗ ಅದೇ. ಅಕ್ಕ ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ತಾನು ಕಲಿತ ವೇಗದಲ್ಲೇ ಓಡಿದ್ದಳು. ಅವಳು ಕುಣಿತ ಕಲಿತ ನೆಲವೇ ಡೊಂಕಾಗಿತ್ತು.

ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಆಸ್ಪತ್ರೆಯ ಹಿಂಬಾಗಿಲಲ್ಲಿ ಕಾದಿದ್ದು ಹೇಳಿದೆ. ಹಬೆಗೆ ಕೆಂಪಾಗಿದ್ದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿದಳು.

"ಹಾಗಾದ್ರೆ ನಾನು ಧೈರ್ಯ ಬಿಡಲಿಲ್ಲ," ಎಂದಳು.

"ಇಲ್ಲಕ್ಕಾ."

"ಒಂದು ವರ್ಷ ನನ್ನ ಕಾಲನ್ನೇ ಬೈಕೊಂಡೆ ಕಣೋ."

ಇದಕ್ಕೆ ತಮ್ಮಲ್ಲಿ ಉತ್ತರ ಇದೆಯೇ?

ಇರಬಹುದು ಎಂದು ಶುಕ್ರವಾರ ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಸಹಾಯಕರು ಸೌಜನ್ಯದಿಂದಲೇ ಕಡತ ತೆಗೆದರು. "ನೋಡಿ, ಇಲ್ಲಿ ಹತ್ತು ಕಿಲೋಮೀಟರ್ ಅಂತ ಸ್ಪಷ್ಟವಾಗಿದೆ." ಪಂಪ್‌ಹೌಸಿನವರು ಜಾಗ ಬಿಡದೆ ಕೊನೆಯ ಆರುನೂರ ಎಂಬತ್ತು ಮೀಟರ್ ಹಾದಿ ಆಗಲೇ ಇಲ್ಲ ಎಂಬುದೂ ಅದೇ ಕಡತದ ಹಿಂದಿನ ಪುಟದಲ್ಲಿತ್ತು. ಮಂಜೂರಾದದ್ದು ಹತ್ತು, ಕೆತ್ತಿದ ಕಲ್ಲೂ ಹತ್ತರವರೆಗೆ. ಇದ್ದ ಹಾದಿಗೆ ಅಷ್ಟನ್ನೂ ಸಮನಾಗಿ ಹಂಚಿ ನೆಟ್ಟಿದ್ದಾರೆ. ಕಲ್ಲನ್ನು ಕೆತ್ತಿಸಿ ಆಯಿತು, ಇನ್ನು ಭೂಮಿಯೇ ಹೊಂದಿಕೊಳ್ಳಬೇಕು!

"ಅವು ಅಲಂಕಾರಕ್ಕೆ ಇಟ್ಟ ಕಲ್ಲು ಸಾರ್," ಎಂದರು ಸಹಾಯಕರು. "ಅಷ್ಟಕ್ಕೂ ಕಮ್ಮಿ ಓಡಿದ್ರೆ ನಿಮಗೇ ಆರಾಮಲ್ವಾ?"

ಅಲಂಕಾರಕ್ಕೆ ಹೂವಿನ ಕುಂಡ ಇಡಬಹುದಿತ್ತು. ಅದರ ಮೇಲೆ ಅಂಕಿ ಇರುವುದಿಲ್ಲ, ಅದನ್ನು ನಂಬಿ ಯಾರೂ ಓಡುವುದಿಲ್ಲ. ಹೃದಯದ ವೈದ್ಯರು ಇಂತಿಷ್ಟು ಕಿಲೋಮೀಟರ್ ಎಂದು ಬರೆದುಕೊಟ್ಟ ಚೀಟಿ ಹಿಡಿದು ಅದೇ ಹಾದಿಯಲ್ಲಿ ನಡೆಯುವ ಹಿರಿಯರನ್ನು ತಾವು ನೋಡಿದ್ದೀರಾ?

ಶುಕ್ರವಾರ ಸಂಜೆ ನಿಜವಾದ ಕಿಲೋಮೀಟರುಗಳ ಜಾಗದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆ. ಶನಿವಾರ ಅಕ್ಕನಿಗೆ ಓಟವಿರಲಿಲ್ಲ. ನಾನೊಬ್ಬನೇ ಹೋಗಿ ನೋಡಿದರೆ ತಮ್ಮ ಸಿಬ್ಬಂದಿ ಒಂಬತ್ತೂ ಗೆರೆಗಳನ್ನು ತೊಳೆಯುತ್ತಿದ್ದರು. ಹಾದಿಯ ಮೇಲೆ ಬರೆಯುವುದು ಅಪರಾಧ ಎಂಬ ಫಲಕವನ್ನೂ ತೋರಿಸಿದರು. ಸರಿಯಾದ ಅಳತೆಯನ್ನು ಸುಣ್ಣದಲ್ಲಿ ಬರೆದರೆ ಅಪರಾಧ, ತಪ್ಪನ್ನು ಕಲ್ಲಿನಲ್ಲಿ ಕೆತ್ತಿಸಿದರೆ ಅಭಿವೃದ್ಧಿ. ಮೂರು ವರ್ಷದಲ್ಲಿ ತಮ್ಮ ಇಲಾಖೆ ಇಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅಂದೇ.

ನಿನ್ನೆ, ಭಾನುವಾರ, ಅಕ್ಕನ ಉದ್ದದ ಓಟ. ಕಲ್ಲುಗಳ ಕಡೆ ನೋಡದೆ ಹಾದಿಯ ತುದಿಯಿಂದ ತುದಿಗೆ ಮೂರು ಸಲ ಓಡಿದಳು. ಇಪ್ಪತ್ತೆಂಟು ಕಿಲೋಮೀಟರಿಗೆ ನಲವತ್ತು ಮೀಟರ್ ಕಡಿಮೆ. ಕೊನೆಯಲ್ಲಿ ಸೈಕಲ್ಲಿನ ಹಿಡಿ ಹಿಡಿದುಕೊಂಡು ಬಗ್ಗಿ ನಿಂತು, "ಹೇಳು, ಈ ಸಲ ಸರಿಯಾಗಿ ಹೇಳು," ಎಂದಳು. ಹೇಳಿದೆ: ಕಿಲೋಮೀಟರಿಗೆ ಎಂಟು ನಿಮಿಷ ನಲವತ್ತು ಸೆಕೆಂಡ್. ಬೇಕಾದದ್ದು ಎಂಟು ಮೂವತ್ತೆರಡಕ್ಕೂ ಒಂದು ಚೂರು ಕಡಿಮೆ. ಇದೇ ವೇಗ ಕೊನೆಯವರೆಗೆ ನಿಂತರೂ ಆರು ಗಂಟೆಯಾಗುವಾಗ ಅವಳ ಮುಂದೆ ಇನ್ನೂ ಆರುನೂರ ಐವತ್ತು ಮೀಟರ್ ಉಳಿದಿರುತ್ತದೆ. ಹೆಚ್ಚುಕಡಿಮೆ ತಮ್ಮ ಕಡತದಲ್ಲೇ ಉಳಿದುಹೋದ ಹಾದಿಯಷ್ಟು. ಎರಡು ವರ್ಷ ಸರಿಯಾದ ಕಲ್ಲಿನ ಪಕ್ಕ ಓಡಿದ್ದರೆ ಈ ಎಂಟು ಸೆಕೆಂಡು ಎಂದೋ ಕಾಲಿಗೆ ಬಂದಿರುತ್ತಿತ್ತು. ಈಗ ಐದು ವಾರದಲ್ಲಿ ಬರಬೇಕು. ಬರುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅಕ್ಕ ಬೂಟಿನ ದಾರ ಬಿಚ್ಚಿದಳು.

ನನ್ನ ಬೇಡಿಕೆ ದೊಡ್ಡದಲ್ಲ. ಈ ವಾರದೊಳಗೆ ಕಲ್ಲುಗಳನ್ನು ಕಿತ್ತು ಅವುಗಳ ನಿಜವಾದ ಜಾಗದಲ್ಲಿ ನೆಡಿಸಿ. ಹತ್ತನೆಯದನ್ನು ತಮ್ಮ ಕಚೇರಿಯ ಅಂಗಳದಲ್ಲಿ ಅಲಂಕಾರಕ್ಕೆ ಇಟ್ಟುಕೊಳ್ಳಿ. ಅಷ್ಟೂ ಆಗದಿದ್ದರೆ ಅಂಕಿಗಳನ್ನಾದರೂ ಕೆರೆಸಿ. ಹಾಗೇ ಇಲಾಖೆಯ ಕಾಗದದ ಮೇಲೆ, ತಮ್ಮ ಸಹಿಯ ಕೆಳಗೆ ಮುದ್ರೆ ಹಾಕಿ, ಆಸ್ಪತ್ರೆಯ ಬಟ್ಟೆ ವಿಭಾಗದ ಮೇಲ್ವಿಚಾರಕಿಗೆ ಒಂದೇ ಸಾಲಿನ ಪತ್ರ ಬರೆಯಿರಿ: "ತಪ್ಪು ನಮ್ಮ ಕಲ್ಲಿನದು, ನಿಮ್ಮ ಕಾಲಿನದಲ್ಲ." ನಾನು ಬಾಯಲ್ಲಿ ಹೇಳಿದ್ದೇನೆ. ಆದರೆ ನನ್ನ ಮಾತಿಗೆ ಮುದ್ರೆ ಇಲ್ಲ, ಹೋದ ವರ್ಷ ಅದೂ ಸುಳ್ಳಾಗಿತ್ತು.

ಇಂತಿ,
ಅಕ್ಕನ ಮಾತು ಬಿಟ್ಟು ತಮ್ಮ ಕಲ್ಲನ್ನು ನಂಬಿದ ತಮ್ಮ,
ತಕ್ಕಡಿ ರಿಪೇರಿಯವನು