ಹನ್ನೊಂದು ಗಂಟೆಗೆ ಕಾಣದ ಕಾಯಿಲೆ

ಮಕ್ಕಳ ಆಸ್ಪತ್ರೆಯ ಮಾನ್ಯ ನಿರ್ದೇಶಕರೇ,

ನಮ್ಮ ಡಾಕ್ಟರಮ್ಮನ ಪ್ರತಿಮೆಗೆ ನೀವು ಜಾಗ ಹುಡುಕಿದ್ದೀರಿ, ಅವರು ಕಂಡುಹಿಡಿದ ಕಾಯಿಲೆಯ ಮಕ್ಕಳಿಗಿದ್ದ ಜಾಗವನ್ನು ಕಿತ್ತುಕೊಂಡು. ಮುಂದಿನ ವಾರ ಅನಾವರಣ. ಅದೇ ವಾರ ನನ್ನ ಮಗಳ ಔಷಧಿ ನಿಲ್ಲುತ್ತದೆ. ಎರಡೂ ಆದೇಶಗಳಿಗೆ ಸಹಿ ನಿಮ್ಮದೇ.

ಪ್ರತಿಮೆಗೆ ಹೊದಿಸುವ ಮಖಮಲ್ ಪರದೆ ಹೊಲಿಯುವ ಕೆಲಸ ನನ್ನ ಅಂಗಡಿಗೇ ಬಂತು. ಅಳತೆ ತೆಗೆಯಲು ಹೋದಾಗ ನೋಡಿದೆ: ಅವರ ಪರೀಕ್ಷಾ ಕೊಠಡಿ ಈಗ ಸ್ಮಾರಕ ಭವನ. ಮಕ್ಕಳನ್ನು ಮಲಗಿಸುತ್ತಿದ್ದ ಚಾಪೆಯ ಜಾಗದಲ್ಲಿ ಕಲ್ಲಿನ ಪೀಠ. ಟೇಪು ಬಿಚ್ಚಿ ಆ ಪೀಠದ ಅಳತೆಯನ್ನೇ ಬರೆದುಕೊಂಡೆ.

ಡಾಕ್ಟರಮ್ಮ ಬರುವ ಮೊದಲು ಈ ಮಕ್ಕಳಿಗಿದ್ದ ಹೆಸರು ಸೋಮಾರಿಗಳು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕತ್ತೆತ್ತಲೂ ಆಗದ ಮಗು, ತಿಂದ ಸ್ವಲ್ಪ ಹೊತ್ತಿಗೆ ಓಡಾಡುತ್ತದೆ. ರಕ್ತಪರೀಕ್ಷೆಗೂ ಆಮೇಲೆ ಏನೂ ಸಿಕ್ಕುವುದಿಲ್ಲ. ದೊಡ್ಡ ದೊಡ್ಡ ವೈದ್ಯರು ಬಂದು ಕೂರುವಷ್ಟರಲ್ಲಿ ಮಗುವಿನ ತಿಂಡಿ ಮುಗಿದಿರುತ್ತಿತ್ತು. ತಾಯಂದಿರ ಮಾತನ್ನು ನಂಬಿ, ಬೆಳಕು ಹರಿಯುವ ಮೊದಲೇ ಬಾಗಿಲು ತೆರೆದು ಕೂತವರು ಈಯಮ್ಮ ಒಬ್ಬರೇ. "ತಿಂಡಿ ಕಟ್ಕೊಂಡೇ ಬನ್ನಿ. ನಾನು ನೋಡಿದ ತಕ್ಷಣ ತಿನ್ನಿಸ್ಬಿಡಿ, ಒಂದು ಗಳಿಗೆನೂ ಕಾಯಿಸ್ಬೇಡಿ" ಅನ್ನುತ್ತಿದ್ದರು. ಅವರ ಸಂಶೋಧನೆಯೆಲ್ಲ ಇರುವುದು ಆ ಬೆಳಗಿನ ಬಾಗಿಲಿನಲ್ಲಿ.

ಅವರು ತೀರಿಕೊಂಡ ಮೇಲೆ ನೀವು ಆ ಬಾಗಿಲು ಮುಚ್ಚಿದಿರಿ. ಹುಟ್ಟಿನಿಂದ ಬಂದು ಸಾಯುವವರೆಗೂ ಬಿಡದ ಕಾಯಿಲೆ ಇನ್ನೂ ಇದೆ ಎಂದು, ಆಸ್ಪತ್ರೆಯ ಔಷಧಿ ಬೇಕಾದರೆ, ವರ್ಷಕ್ಕೊಮ್ಮೆ ಸಾಬೀತು ಮಾಡಬೇಕಂತೆ. ಟೋಕನ್ ಕೂಗುವುದು ಹನ್ನೊಂದು ಗಂಟೆಗೆ. ಹಳೆಯ ವರದಿ ನಡೆಯುವುದಿಲ್ಲ, ಅದಕ್ಕೆ ಸಹಿ ಹಾಕಿದವರು ಈಗ ಸೇವೆಯಲ್ಲಿಲ್ಲವಂತೆ! ಪ್ರತಿಮೆಗೆ ಆಗುವವರು ಸಹಿಗೆ ಆಗುವುದಿಲ್ಲವೇ, ಸ್ವಾಮಿ?

ಕಳೆದ ತಿಂಗಳು ಮಗಳನ್ನು ಕರೆತಂದೆ. ಎಂಟು ವರ್ಷದ ಹುಡುಗಿ, ತಿಂದಿದ್ದಳು, ನಡಿ ಅಂದರು, ನಡೆದಳು. "ಚೆನ್ನಾಗೇ ಇದಾಳಲ್ರೀ" ಎಂದು ನಿಮ್ಮ ವೈದ್ಯರು ಬರೆದುಕೊಟ್ಟರು. ಕೌಂಟರಿನಾತ ನನ್ನ ಮುಖ ನೋಡಿ ಮರುಗಿ, "ಇನ್ನೊಂದ್ಸಲ ಟೋಕನ್ ತಗೊಳ್ಳಿ. ಆವತ್ತು ತಿಂಡಿ ಕೊಡ್ದೆ ಕರ್ಕೊಂಡ್ಬನ್ನಿ, ಒಂದು ದಿನ ತಾನೇ?" ಅಂದ. ಹಾಗೆ ಕಾಯಿಸಿದ ಮಗುವೊಂದು ನಿಮ್ಮ ಬೆಂಚಿನ ಮೇಲೇ ಕಣ್ಣು ಮೇಲೆ ಮಾಡಿದ್ದನ್ನು ಅವನು ನೋಡಿಲ್ಲ, ನಾನು ನೋಡಿದ್ದೇನೆ. ಬಸ್ಸಿನಲ್ಲಿ ಮಗಳು ಮೆಲ್ಲಗೆ ಕೇಳಿದಳು: "ಅಪ್ಪಾ, ನಾನು ಚೆನ್ನಾಗಿ ನಡೆದುಬಿಟ್ಟೆ. ತಪ್ಪಾಯ್ತಾ?"

ಇದಕ್ಕೆ ಉತ್ತರ ನೀವೇ ಕೊಡಿ, ಸ್ವಾಮಿ.

ಆ ಔಷಧಿಯಿಂದಲೇ ಅವಳು ರಾತ್ರಿ ದಾಟುತ್ತಾಳೆ. ತಿನ್ನಿಸಿದರೆ ಔಷಧಿಯಿಲ್ಲ, ತಿನ್ನಿಸದಿದ್ದರೆ ಮಗಳೇ ಇರುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಮರು ಟೋಕನ್ ಇದ್ದ ದಿನ ಬೆಳಗ್ಗೆ ಹೆಂಡತಿ ಅಡುಗೆಮನೆಯಲ್ಲಿ ಬೆಂಕಿಪೊಟ್ಟಣ ಹಿಡಿದು, "ಬಾಯಿ ಬಿಟ್ಟು ಹೇಳ್ರೀ, ಒಲೆ ಹಚ್ಲಾ, ಬೇಡ್ವಾ?" ಎಂದಳು. ಹಚ್ಚು ಅಂದೆ. ಟೋಕನ್ ಹಾಗೇ ಉಳಿಯಿತು.

ಈಗ ನಿಮ್ಮ ಕಚೇರಿಯಿಂದ ಆಹ್ವಾನ ಬಂದಿದೆ. "ಡಾಕ್ಟರಮ್ಮ ಉಳಿಸಿದ ಮಗು" ಎಂದು ನನ್ನ ಮಗಳು ವೇದಿಕೆ ಹತ್ತಿ ಹೂಗುಚ್ಛ ಕೊಡಬೇಕಂತೆ. ಕೌಂಟರಿನಲ್ಲಿ ಇಲ್ಲದ ಕಾಯಿಲೆ ವೇದಿಕೆಯ ಮೇಲೆ ಎಲ್ಲಿಂದ ಬಂತು? ಅವಳು ಬರುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಪೀಠ ಅಲ್ಲೇ ಇರಲಿ, ಅದರ ಪಕ್ಕ ಒಂದು ಚಾಪೆ ಹಾಸಿ, ಬೆಳಗಿನ ಜಾವ ಒಬ್ಬ ವೈದ್ಯರನ್ನು ಕೂರಿಸಿ. ಅದಾಗುವವರೆಗೆ ನೀವೇ ಒಮ್ಮೆ ನಮ್ಮ ಮನೆಗೆ ಬನ್ನಿ, ಅವಳು ಏಳುವ ಹೊತ್ತಿಗೆ. ದಿಂಬಿನಿಂದ ತಲೆಯೆತ್ತಲು ಅವಳು ಪಡುವ ಪಾಡನ್ನು ಕಣ್ಣಾರೆ ನೋಡಿ ಬರೆದುಕೊಡಿ. ಆದರೆ ತಡ ಮಾಡಬೇಡಿ. ನೀವು ಮೆಟ್ಟಿಲು ಹತ್ತುತ್ತಿರುವ ಸದ್ದು ಕೇಳಿದರೂ ನಾನು ಕಾಯುವುದಿಲ್ಲ, ಮೊದಲು ಹಾಲು ಕುಡಿಸುತ್ತೇನೆ.

ಇಂತಿ,
ಮಗಳಿಗೆ ಹೊಟ್ಟೆತುಂಬ ಉಣ್ಣಿಸಿ ನಿಮ್ಮ ಕಡತದಲ್ಲಿ ಸುಳ್ಳುಗಾರನಾದ ಒಬ್ಬ ಅಪ್ಪ