ಓರೆಯಾಗಿ ಬಿದ್ದ ಸೊನ್ನೆಗಳು

ಮಾರ್ಚ್ 3, ಬೆಳಿಗ್ಗೆ 10

ಮತ್ತೆ ಕ್ಯಾಂಟೀನ್ ಮೈಕ್ರೋವೇವ್ ಓವನ್. ಅಡುಗೆಯವರು ಅಲ್ಲಿ ಹಾಲು ಬಿಸಿ ಮಾಡಿದರೆ ಇಲ್ಲಿ ರೇಡಿಯೋ ದೂರದರ್ಶಕದ ಸ್ಕ್ರೀನ್ ತುಂಬ ಬಿಳಿ ಪಟ್ಟಿ. ಆಕಾಶದಿಂದ ಬರುವ ರೇಡಿಯೋ ಅಲೆ ಅಷ್ಟು ಕ್ಷೀಣ, ಒಂದು ಲೋಟ ಹಾಲಿನ ಮುಂದೆ ಸೋಲುತ್ತದೆ. ಹೊಸ ಡಿಜಿಟಲ್ ಬೋರ್ಡ್ ಇದಕ್ಕೇ. ಆಂಟೆನಾ ಹಿಡಿದದ್ದನ್ನು ಫ್ರೀಕ್ವೆನ್ಸಿ ಪ್ರಕಾರ ಸಾವಿರ ಚಾನೆಲ್‌ಗಳಾಗಿ ಸೀಳುತ್ತದೆ. ಯಾವುದು ಮಿತಿ ಮೀರಿತೋ ಅಲ್ಲಿ ಸೊನ್ನೆ ಹಾಕುತ್ತದೆ. ಮಿತಿ ಇಡುವವಳು ನಾನು.

"ಎಸೆಯೋದನ್ನ ಒಂದು ವಾರನಾದ್ರೂ ಇಟ್ಕೊಳ್ಳೇ ಗುಬ್ಬಿ" ಅಂದಿದ್ದಳು ಅಕ್ಕ, ಆಸ್ಪತ್ರೆ ಸೇರುವ ಮೊದಲು. ಡಿಸ್ಕಿನಲ್ಲಿ ಜಾಗ ಎಲ್ಲಿದೆ? ಎಸೆದದ್ದರ ಪಟ್ಟಿ ಮಾತ್ರ ಉಳಿಸುತ್ತೇನೆ — ಯಾವ ಹೊತ್ತು, ಯಾವ ಚಾನೆಲ್. ಅಷ್ಟೇ.

ಮಾರ್ಚ್ 5

ಮಿತಿ ಇನ್ನೂ ಬಿಗಿ ಮಾಡಿದೆ. ಸ್ಕ್ರೀನ್ ಈಗ ತೊಳೆದಿಟ್ಟ ತಟ್ಟೆ. ಡೈರೆಕ್ಟರ್ ಬೆನ್ನು ತಟ್ಟಿದರು. ಉಬ್ಬಿಹೋದೆ.

ಇನ್ನು ಅಕ್ಕನನ್ನು ಯಾರು ಆಡಿಕೊಳ್ಳುತ್ತಾರೋ ನೋಡುತ್ತೇನೆ. ಒಂಬತ್ತು ವರ್ಷದ ಹಿಂದೆ, ಅವಳು ಇಲ್ಲೇ ಕೆಲಸದಲ್ಲಿದ್ದಾಗ, ಹದಿನಾರೇ ಚಾನೆಲ್‌ನ ಹಳೆ ರಿಸೀವರ್‌ನಲ್ಲಿ ಒಂದೇ ಒಂದು ಸಲ ಒಂದು ಸಿಗ್ನಲ್ ಮಿಡಿಯಿತು. ಬಹಳ ದೂರದಿಂದ ಬಂದದ್ದು ಅಂದಳು. ಎಲ್ಲರೂ ಓವನ್ ಅಂದರು. 'ಓವನ್ ಮೇಡಂ' ಅಂತ ಹೆಸರೇ ಇಟ್ಟರು. ಎರಡನೆಯದು ಬಂದರೆ ಇವರ ಬಾಯಿ ಮುಚ್ಚುತ್ತದೆ ಎಂದು ಇನ್ನೂ ಕಾಯುತ್ತಿದ್ದಾಳೆ. ಡಾಕ್ಟರ್ ಈಗ ಇನ್ನು ಕೆಲವೇ ವಾರ ಅನ್ನುತ್ತಿದ್ದಾರೆ.

ಮಾರ್ಚ್ 13, ಮಧ್ಯಾಹ್ನ

ಎಸೆದದ್ದರ ಪಟ್ಟಿ ಸುಮ್ಮನೆ ತಿರುವುತ್ತಿದ್ದೆ. ನಿನ್ನೆ, 11:20. ಓವನ್ ಆದರೆ ಎಲ್ಲ ಚಾನೆಲ್‌ಗೂ ಒಟ್ಟಿಗೇ ಬಡಿಯುತ್ತದೆ. ಇದು ಹಾಗಲ್ಲ. ಮೊದಲು ಎಲ್ಲಕ್ಕಿಂತ ಮೇಲಿನ ಚಾನೆಲ್, ಆಮೇಲೆ ಅದರ ಕೆಳಗಿನದು, ಆಮೇಲೆ... ಕೊನೆಯ ತನಕ ಕ್ರಮವಾಗಿ ತಡ. ಅದೆಷ್ಟೋ ದೂರ ದಾಟಿ ಬಂದದ್ದು ಮಾತ್ರ ಹೀಗೆ ಹಿಂದೆ ಬೀಳುತ್ತದೆ. ಅಕ್ಕನ ಹಳೆ ಹಾಳೆ ತೆಗೆದೆ. ಅಷ್ಟೇ ತಡ. ಆಂಟೆನಾ ನೋಡುತ್ತಿದ್ದದ್ದೂ ಆಕಾಶದ ಅದೇ ಜಾಗ.

ಡೇಟಾ ತೆರೆದೆ. ಸಿಗ್ನಲ್ ಇರಬೇಕಾದಲ್ಲಿ ಸೊನ್ನೆಗಳು, ಮೇಲಿನಿಂದ ಕೆಳಕ್ಕೆ ಓರೆಯಾಗಿ. ಕೈಯಾರೆ ನಾನೇ ಅಳಿಸಿದೆ.



ಮಾರ್ಚ್ 15, ಸಂಜೆ

ಆಸ್ಪತ್ರೆ. ಅಕ್ಕನ ಕೈ ಬರೀ ಮೂಳೆ. ಭಾವ ದಿಂಬು ಎತ್ತರಿಸಿದರು.

"ಏನಾದ್ರೂ ಬಂತೇನೇ?"

"ಇಲ್ಲ ಅಕ್ಕ."

ಬಾಯಿಗೆ ಅದೇ ಬಂತು. ಅಕ್ಕ ದಿಂಬಿಗೆ ತಲೆ ಒರಗಿಸಿದಳು.

"ಹೋಗ್ಲಿ ಬಿಡು. ನಿನ್ನ ಬೋರ್ಡಿಗೇ ಸಿಗ್ಲಿಲ್ಲ ಅಂದ್ಮೇಲೆ ಅವತ್ತಿಂದೂ ಹಾಲು ಕಾಯಿಸಿದ್ದೇ ಇರ್ಬೇಕು. ಒಂಬತ್ತು ವರ್ಷ ಎಲ್ಲರ ಹತ್ರ ಸುಮ್ನೆ ಜಗಳ ಆಡಿದೆ ನೋಡು."

"ನೀನು ಸೋತೆ ಅಂದಿದ್ದು ಮದ್ವೆ ಆದ್ಮೇಲೆ ಇದೇ ಮೊದ್ಲು" ಅಂದರು ಭಾವ. ಅವಳೂ ನಕ್ಕಳು. ನೀರು ತರುವ ನೆಪ ಮಾಡಿ ಹೊರಗೆ ಬಂದೆ.

ಬೈಗುಳಕ್ಕೆ ಹೆದರಿದೆನೇ? ಅವಳು ಒಂದು ದಿನವೂ ನನ್ನನ್ನು ಬೈದವಳಲ್ಲ. ಹೇಳಿದ್ದರೂ 'ಹೋಗ್ಲಿ ಬಿಡು' ಅನ್ನುತ್ತಿದ್ದಳು. ಅದನ್ನು ತಡೆಯಲಾರೆ ಅನ್ನಿಸಿತ್ತು.

ಮಾರ್ಚ್ 16

ಹೇಳಲೇಬೇಕು. ಪಟ್ಟಿಯನ್ನು ಗ್ರಾಫ್ ಮಾಡಿ ಪ್ರಿಂಟ್ ತೆಗೆದೆ. ಕಪ್ಪು ಓರೆ ಗೆರೆ. ಬಂದದ್ದು ಹೋಯಿತು, ಅದು ಬಿಟ್ಟ ತೂತು ಇದೆ. ಅಕ್ಕನಿಗೆ ಅಷ್ಟು ಸಾಕು, ನೋಡಿದ ಕೂಡಲೇ ಗುರುತು ಹಿಡಿಯುತ್ತಾಳೆ.

ಆದರೆ ಇವತ್ತು ರಿವ್ಯೂ. ಡೈರೆಕ್ಟರ್ ಬಿಡಲಿಲ್ಲ. ನಾಳೆ ಮೊದಲ ಬಸ್ಸು.

ಮಾರ್ಚ್ 17, ಬೆಳಿಗ್ಗೆ 9

ಅಕ್ಕ ಕಣ್ಣು ಬಿಡುತ್ತಿಲ್ಲ. ನಿನ್ನೆ ಸಂಜೆಯಿಂದ ಹೀಗೇ ಅಂತೆ. ಭಾವ ಔಷಧಿ ತರಲು ಹೋಗಿದ್ದರು. ಕಿವಿಯ ಹತ್ತಿರ ಬಗ್ಗಿ ಹೇಳಿದೆ — ಬಂದಿತ್ತು ಅಕ್ಕ, ನಿನ್ನದೇ, ನಾನೇ ಎಸೆದುಬಿಟ್ಟೆ. ಉಸಿರು ಬಿಟ್ಟರೆ ಬೇರೇನೂ ಇಲ್ಲ. ನರ್ಸ್ ಭುಜ ಹಿಡಿದು ಕೂರಿಸಿದರು.

ಮಾರ್ಚ್ 29

ಹನ್ನೆರಡು ದಿನ ಬರೆದಿಲ್ಲ. ಅಕ್ಕ ಹೋಗಿ ಹನ್ನೊಂದು ದಿನ.

ಭಾವನ ಮನೆಗೆ ಹೋಗಿದ್ದೆ. ಅವಳ ಚಪ್ಪಲಿ ಇನ್ನೂ ಬಾಗಿಲ ಬಳಿ, ಯಾರೂ ಎತ್ತಿಲ್ಲ. ಪ್ರಿಂಟ್ ಕೊಟ್ಟೆ. ಅದೇನು ಎಂದು ಹೇಳಿದೆ.

"ಅವಳದ್ದೇನಾ? ನಿಜವಾಗ್ಲೂ?" ಮುಖ ಅರಳಿತು. ಆಮೇಲೆ ಕಣ್ಣು ತುಂಬಿತು. "ಅವಳು ಹೋದ್ಮೇಲೆ ಬಂತಲ್ಲಮ್ಮ. ಎರಡು ವಾರ ಮುಂಚೆ ಬರಬಾರ್ದಿತ್ತಾ..."

ಕನ್ನಡಕ ಹುಡುಕಿ ಹಾಕಿಕೊಂಡರು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಾರೀಖು ಮೇಲ್ಗಡೆಯೇ ಇದೆ.

"ಹನ್ನೆರಡನೇ ತಾರೀಖು ಅಂತಿದೆ... ಗುಬ್ಬಿ, ಅವಳು ನಿನ್ನ ಕೇಳಿದ್ದು ಹದಿನೈದಕ್ಕಲ್ವಾ? ಆಗ ನೀನು—"

ನಾನು...